ಬಟ್ಟಲಿಗೆ ಬಂದ ಮೇಲೂ ಮುಗಿಯದ ಅಡುಗೆ

ವಿಯೆಟ್ನಾಮಿಗೆ ಹೋಗಿಬರುವ ನಮ್ಮವರ ಸಂಖ್ಯೆ ನೋಡನೋಡುತ್ತ ಏರಿದೆ. 2019ರಲ್ಲಿ ಸುಮಾರು 1.7 ಲಕ್ಷ ಭಾರತೀಯರು ಆ ದೇಶ ನೋಡಲು ಹೋಗಿದ್ದರೆ, 2024ರಲ್ಲಿ ಆ ಲೆಕ್ಕ 5 ಲಕ್ಷ ದಾಟಿತು. ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲಂತೂ ಹನೋಯ್, ಹಾಲಾಂಗ್ ಕೊಲ್ಲಿ, ದಾನಾಂಗ್, ಸೈಗಾನ್ ಎಲ್ಲವನ್ನೂ ಒಂದೇ ವಾರದಲ್ಲಿ ಸುತ್ತಿಸಿ ತರುವ ಪ್ಯಾಕೇಜುಗಳು ನಮ್ಮ ಸಣ್ಣ ಊರುಗಳ ಟ್ರಾವೆಲ್ಸ್ ಕಚೇರಿಗಳಲ್ಲೂ ಸಿಗುತ್ತಿವೆ. ಅವುಗಳ ಕರಪತ್ರದಲ್ಲಿ ದಪ್ಪಕ್ಷರದ ಒಂದು ಸಾಲು ಹೆಚ್ಚುಕಮ್ಮಿ ಇದ್ದೇ ಇರುತ್ತದೆ: ಎಲ್ಲ ದಿನವೂ ಭಾರತೀಯ ಊಟ. ಹಾಗಾಗಿ ಹನೋಯ್‌ನ ಹಳೆ ಪೇಟೆಗೆ ಹೋಗಿಯೂ ಜನ ಪನೀರ್ ಬಟರ್ ಮಸಾಲಾ, ದಾಲ್ ಫ್ರೈ, ಜೀರಾ ರೈಸ್ ಉಂಡು ಬಸ್ಸು ಹತ್ತುತ್ತಾರೆ.

ಆ ಸಾಲಿನ ಹಿಂದಿನ ಕಾಳಜಿ ಅರ್ಥವಾಗದ್ದೇನಲ್ಲ. ಸಸ್ಯಾಹಾರಿಗಳಿಗೆ ಭಯ, ಮಾಂಸ ತಿನ್ನುವವರಿಗೂ ಬಟ್ಟಲಿನಲ್ಲಿ ಯಾವ ಪ್ರಾಣಿ ಇದೆಯೋ ಎಂಬ ಅಳುಕು. ಹನೋಯ್‌ನಲ್ಲಿ ಸಿಕ್ಕಿದ ದಾವಣಗೆರೆಯ ಹಿರಿಯರೊಬ್ಬರು, “ಎಲ್ಲಾ ಚಂದ ಐತ್ರಿ ಇಲ್ಲಿ, ಒಂದು ಹಿಡಿ ಮೊಸರನ್ನ ಸಿಕ್ಕಿದ್ರೆ ಸಾಕಾಗಿತ್ತು” ಎಂದರು. ವಯಸ್ಸಾದವರ ಹೊಟ್ಟೆಯ ಮಾತು ಅದು, ಅದರಲ್ಲಿ ತಪ್ಪಿಲ್ಲ. ಆದರೆ ಗಟ್ಟಿಮುಟ್ಟಾಗಿರುವವರು, ಹೊಸದನ್ನು ನೋಡಲೆಂದೇ ಸಾಲ ಮಾಡಿ ಹೋದವರು, ಆ ದೇಶದ ಊಟದ ಮುಂದೆ ಕೂರದೆ ಬಂದರೆ ಅದು ದೊಡ್ಡ ನಷ್ಟವೆಂದೇ ನನ್ನ ಭಾವನೆ. ವಿಯೆಟ್ನಾಮಿನ ಊಟದಂಗಡಿಯಲ್ಲಿ ಅಡುಗೆಯ ಕೊನೆಯ ಪಾಲನ್ನು ಉಣ್ಣುವವರಿಗೇ ಬಿಟ್ಟಿರುತ್ತಾರೆ. ಬಟ್ಟಲು ಮೇಜಿಗೆ ಬಂದಾಗ ಅಡುಗೆ ಅರ್ಧ ಆಗಿರುತ್ತದೆ. ಸೊಪ್ಪು, ಹುಳಿ, ಖಾರ, ಉಪ್ಪಿನ ಹದ ಎಲ್ಲ ನಮ್ಮ ಕೈಯಲ್ಲಿ. ಈ ಒಂದು ಸಂಗತಿ ತಿಳಿದರೆ ಅಳುಕು ಮುಕ್ಕಾಲು ಪಾಲು ಹೋಗುತ್ತದೆ.

ಮೊದಲು ಅಂಗಡಿಯನ್ನು ಗುರುತಿಸುವುದು. ಒಳ್ಳೆಯ ಊಟ ಸಿಗುವ ಕಡೆ ಸಾಮಾನ್ಯವಾಗಿ ಉದ್ದದ ಮೆನು ಇರುವುದಿಲ್ಲ. ಒಂದೇ ಪದಾರ್ಥ, ಹೆಚ್ಚೆಂದರೆ ಅದರ ಎರಡು ಮೂರು ಬಗೆ. ಅದರ ಹೆಸರೇ ಬೋರ್ಡು. ಬೆಳಗಿನ ಅಂಗಡಿ ಹತ್ತು ಗಂಟೆಗೆ ಹಂಡೆ ಖಾಲಿಯಾದರೆ ಬಾಗಿಲು ಹಾಕುತ್ತದೆ, ಮಧ್ಯಾಹ್ನದ ಅಂಗಡಿ ಆಮೇಲೆ ತೆರೆಯುತ್ತದೆ. ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು, ಅಷ್ಟೇ ಗಿಡ್ಡ ಮೇಜು. ಮೇಜಿನ ಮೇಲೆ ಡಬ್ಬಿಯಲ್ಲಿ ಚಾಪ್‌ಸ್ಟಿಕ್, ಚಮಚ, ಹೆಚ್ಚಿದ ಮೆಣಸಿನಕಾಯಿ, ನಿಂಬೆ ಹೋಳು, ಬೆಳ್ಳುಳ್ಳಿ ಹಾಕಿಟ್ಟ ವಿನೆಗರ್. ಕೂತವರು ಮೊದಲು ಮಾಡುವ ಕೆಲಸ, ಕಾಗದದ ಚೂರಿನಿಂದ ಚಾಪ್‌ಸ್ಟಿಕ್ಕನ್ನೂ ಚಮಚವನ್ನೂ ಒರೆಸಿಕೊಳ್ಳುವುದು. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಹನೋಯ್‌ನ ಕೋಳಿ ಫೋ (ಬಿಸಿ ಸಾರಿನಲ್ಲಿ ಕೊಡುವ ಅಕ್ಕಿ ನೂಡಲ್ಸ್) ಅಂಗಡಿಯೊಂದರ ಎದುರು ನಿಂತು ನೋಡಿದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಗಾಜಿನ ಪೆಟ್ಟಿಗೆಯಲ್ಲಿ ಬೇಯಿಸಿದ ಇಡೀ ಕೋಳಿಗಳು, ತೊಗಲು ತಿಳಿಹಳದಿ. ಪಕ್ಕದಲ್ಲಿ ಎರಡು ಹಂಡೆ, ಒಂದರಲ್ಲಿ ಕುದಿನೀರು, ಇನ್ನೊಂದರಲ್ಲಿ ಸಾರು. ಹೆಂಗಸು ಉದ್ದ ಹಿಡಿಯ ಜಾಲರಿಯಲ್ಲಿ ಅಗಲ ಎಳೆಯ ಅಕ್ಕಿ ನೂಡಲ್ಸ್ ತೆಗೆದುಕೊಂಡು ಕುದಿನೀರಿನಲ್ಲಿ ಕೆಲವೇ ಕ್ಷಣ ಅದ್ದಿ, ಮೇಲಕ್ಕೆತ್ತಿ ಜಾಡಿಸಿ, ಬಟ್ಟಲಿಗೆ ಸುರಿದಳು. ಅದರ ಮೇಲೆ ಕೋಳಿಯ ತೆಳು ಹೋಳು, ಈರುಳ್ಳಿ ಹೂವು, ಕೊತ್ತಂಬರಿ, ಎಳೆಯಷ್ಟು ಸಣ್ಣಗೆ ಹೆಚ್ಚಿದ ನಿಂಬೆ ಎಲೆ. ಕೊನೆಗೆ ಸಾರನ್ನು ಅಂಚಿನಿಂದ ಅಲ್ಲ, ನೇರ ಸೊಪ್ಪಿನ ಮೇಲೆಯೇ ಹೊಯ್ದಳು. ನಿಂಬೆ ಎಲೆಯ ಘಮ ಎದ್ದು ಬಂದದ್ದು ಆಗಲೇ. ಇಷ್ಟೆಲ್ಲ ಒಂದು ನಿಮಿಷದೊಳಗೆ. ಆ ಸಾರು ಮಾತ್ರ ರಾತ್ರಿಯಿಡೀ ಕುದಿದದ್ದು.

ಸಾರೇ ಇದರ ಜೀವ. ಮೂಳೆಗಳನ್ನು ಮೊದಲೊಂದು ಸಲ ಕುದಿಸಿ ನೀರು ಚೆಲ್ಲುತ್ತಾರೆ. ಆಮೇಲೆ ಹೊಸ ನೀರಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕೆಂಡದ ಮೇಲೆ ಸಿಪ್ಪೆ ಕರಕಲಾಗುವಷ್ಟು ಸುಟ್ಟ ಶುಂಠಿ ಮತ್ತು ಈರುಳ್ಳಿ ಬೀಳುತ್ತವೆ. ದನದ ಮಾಂಸದ ಫೋ ಆದರೆ ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ, ಕೊತ್ತಂಬರಿ ಬೀಜವೂ ಸೇರುತ್ತವೆ. ಚಕ್ರಮೊಗ್ಗು ಬೆಳೆಯುವುದು ಚೀನಾ ಗಡಿಯ ಲಾಂಗ್ ಸೋನ್ ಪ್ರಾಂತ್ಯದ ಬೆಟ್ಟಗಳಲ್ಲಿ. ನಮ್ಮ ಬಿರಿಯಾನಿ, ಪಲಾವಿಗೆ ಬೀಳುವ ಚಕ್ರಮೊಗ್ಗು, ಚಕ್ಕೆಗಳಲ್ಲೂ ಎಷ್ಟೋ ಪಾಲು ವಿಯೆಟ್ನಾಮಿನಿಂದಲೇ ಬರುತ್ತದೆ. ಹಾಗಾಗಿ ಫೋ ಅಂಗಡಿಯ ವಾಸನೆ ನಮಗೆ ಅಪರಿಚಿತವಲ್ಲ.

ಇಡೀ ದೇಶದ ಗುರುತಾಗಿರುವ ಈ ಫೋ ಬಹಳ ಹಳೆಯದೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದ ಸುಮಾರಿಗೆ, ಫ್ರೆಂಚರ ಆಳ್ವಿಕೆಯಲ್ಲಿ, ಉತ್ತರದ ನಾಮ್ ದಿನ್ ಮತ್ತು ಹನೋಯ್‌ಗಳಲ್ಲಿ ಹುಟ್ಟಿತು. ಎತ್ತು-ಎಮ್ಮೆ ಉಳುಮೆಗೆ ಬೇಕಾದವು ಎಂದು ಕಡಿಯದ ರೈತರ ನಾಡಿಗೆ ಫ್ರೆಂಚರು ದನದ ಮಾಂಸದ ಬೇಡಿಕೆ ತಂದರು. ಅವರು ಮಾಂಸ ಒಯ್ದ ಮೇಲೆ ಅಗ್ಗಕ್ಕೆ ಸಿಗುತ್ತಿದ್ದ ಮೂಳೆಗಳನ್ನು ಬೀದಿ ವ್ಯಾಪಾರಿಗಳು ಹಂಡೆಗೆ ಹಾಕಿದರು ಎಂಬುದು ಹೆಚ್ಚಿನವರು ಒಪ್ಪುವ ಕಥೆ. ಚೀನೀಯರ ನೂಡಲ್ಸ್ ಬಟ್ಟಲೋ ಫ್ರೆಂಚರ ಮಾಂಸದ ಸಾರೋ ಇದರ ಮೂಲ ಎಂಬ ಜಗಳ ಇನ್ನೂ ಬಗೆಹರಿದಿಲ್ಲ. ಹಂಡೆ, ಒಲೆ, ಬಟ್ಟಲುಗಳನ್ನು ಅಡ್ಡೆಯ ಎರಡು ತುದಿಗೆ ತೂಗುಹಾಕಿ ಹೆಗಲ ಮೇಲೆ ಹೊತ್ತು ಮಾರುತ್ತಿದ್ದವರಿಂದ ಇದು ಊರೆಲ್ಲ ಹರಡಿತು. ಯುದ್ಧ ಮತ್ತು ರೇಷನ್ ಕೂಪನ್ನುಗಳ ಕಾಲದಲ್ಲಿ ಸರ್ಕಾರಿ ಅಂಗಡಿಗಳಲ್ಲಿ ಮಾಂಸವಿಲ್ಲದ, ನೀರಾದ ಫೋಗೂ ಜನ ಸರತಿ ನಿಂತರು. 1986ರ ಆರ್ಥಿಕ ಸುಧಾರಣೆಯ ನಂತರವೇ ಬಟ್ಟಲು ಮತ್ತೆ ತುಂಬಿದ್ದು. 2024ರಲ್ಲಿ ಹನೋಯ್ ಮತ್ತು ನಾಮ್ ದಿನ್‌ನ ಫೋಗಳನ್ನು ಅಲ್ಲಿನ ಸರ್ಕಾರ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ದೇಶದ ಇತಿಹಾಸ ಬಟ್ಟಲಿನಲ್ಲೇ ಕಾಣುವುದು ಉತ್ತರದಿಂದ ದಕ್ಷಿಣಕ್ಕೆ ಹೋದಾಗ. 1954ರ ಜಿನೀವಾ ಒಪ್ಪಂದದಲ್ಲಿ ದೇಶ ಎರಡಾದಾಗ ಉತ್ತರದ ಹೆಚ್ಚುಕಡಿಮೆ ಹತ್ತು ಲಕ್ಷ ಜನ ದಕ್ಷಿಣಕ್ಕೆ ವಲಸೆ ಹೋದರು. ಫೋ ಅವರ ಜೊತೆ ಹೋಯಿತು. ಮೆಕಾಂಗ್ ನದಿಯ ಮುಖಜಭೂಮಿ ಸೊಪ್ಪು, ಹಣ್ಣು, ಸಕ್ಕರೆಗಳಿಂದ ತುಂಬಿದ ನಾಡು. ಹನೋಯ್‌ನ ಬಿಗಿಯಾದ, ತಿಳಿಯಾದ ಬಟ್ಟಲು ಅಲ್ಲಿ ಸಡಿಲವಾಯಿತು. ಸಾರು ತುಸು ಸಿಹಿಯಾಯಿತು, ಪಕ್ಕದಲ್ಲಿ ಒಂದು ತಟ್ಟೆ ತುಂಬ ಹೆಸರುಕಾಳಿನ ಮೊಳಕೆ, ತುಳಸಿಯ ಜಾತಿಯ ಎಲೆ, ನಮ್ಮ ಮಲೆನಾಡಿನವರು ಕಾಡು ಕೊತ್ತಂಬರಿ ಎನ್ನುವ ಗರಗಸದಂಚಿನ ಎಲೆ, ಎರಡು ಬಗೆಯ ಸಾಸ್ ಬಂದು ಕೂತವು. ಹನೋಯ್‌ನ ಹಳಬರು ಇದನ್ನು ಒಪ್ಪುವುದಿಲ್ಲ. ನನಗೆ ಎರಡೂ ಬೇಕು. ಬೆಳಗಿನ ಚಳಿಗೆ ಉತ್ತರದ್ದು, ಸೈಗಾನ್‌ನ ಸೆಕೆಗೆ ದಕ್ಷಿಣದ್ದು.

ಅದೇ ಸೈಗಾನ್‌ನಲ್ಲಿ ಫೋ ಬಿನ್ ಎಂಬ ಅಂಗಡಿಯಿದೆ. ಅಮೆರಿಕದ ಜೊತೆಗಿನ ಯುದ್ಧದ ಕಾಲದಲ್ಲಿ, ಕೆಳಗೆ ಅಮೆರಿಕದ ಸೈನಿಕರು ಫೋ ಉಣ್ಣುತ್ತಿದ್ದಾಗ ಮೇಲಿನ ಕೋಣೆಯಲ್ಲಿ ಅವರ ವಿರುದ್ಧ ಹೋರಾಡುತ್ತಿದ್ದ ವಿಯೆಟ್ ಕಾಂಗ್ ಗೆರಿಲ್ಲಾಗಳ ತಂಡವೊಂದು 1968ರ ತೇತ್ (ಚಾಂದ್ರಮಾನ ಹೊಸವರ್ಷ) ದಾಳಿಯ ಯೋಜನೆ ಮಾಡುತ್ತಿತ್ತು. ಇಂದಿಗೂ ಅಲ್ಲಿ ಫೋ ಸಿಗುತ್ತದೆ.

1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದ ಮೇಲೆ ದೇಶ ಬಿಟ್ಟ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ದಕ್ಷಿಣದವರು. ಅದರಿಂದಾಗಿಯೇ ಪ್ಯಾರಿಸ್, ಮೆಲ್ಬರ್ನ್, ಕ್ಯಾಲಿಫೋರ್ನಿಯಾಗಳ ವಿಯೆಟ್ನಾಂ ಹೋಟೆಲುಗಳಲ್ಲಿ ಸಿಗುವುದು ಮೊಳಕೆಕಾಳಿನ ತಟ್ಟೆಯ ಜೊತೆಗಿನ ದಕ್ಷಿಣದ ಫೋ. ಒಂದು ಲಕ್ಷಕ್ಕೂ ಹೆಚ್ಚು ವಿಯೆಟ್ನಾಂ ಮೂಲದವರಿರುವ ಸ್ಯಾನ್ ಹೋಸೆ ನಗರದ ಸುತ್ತಮುತ್ತ ನಮ್ಮ ಕನ್ನಡದ ಸಾಫ್ಟ್‌ವೇರ್ ಕುಟುಂಬಗಳೂ ಸಾಕಷ್ಟಿವೆ. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ನಮ್ಮ ಅಪ್ಪ-ಅಮ್ಮಂದಿರು ವಿಯೆಟ್ನಾಮಿನ ಊಟವನ್ನು ಮೊದಲು ಕಾಣುವುದು ಬಹುಶಃ ಅಲ್ಲೇ.

ಫೋಗಿಂತಲೂ ಹೆಚ್ಚಾಗಿ ಉಣ್ಣುವವರ ಕೈಗೆ ಕೆಲಸ ಕೊಡುವುದು ಹನೋಯ್‌ನ ಮಧ್ಯಾಹ್ನದ ಊಟ, ಬುನ್ ಚಾ. 2016ರ ಮೇ ತಿಂಗಳಲ್ಲಿ ಬರಾಕ್ ಒಬಾಮ ಮತ್ತು ಬಾಣಸಿಗ ಆ್ಯಂಟನಿ ಬೋರ್ಡೇನ್ ಹನೋಯ್‌ನ ಸಾಧಾರಣ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಇದನ್ನು ಉಂಡಿದ್ದರು. ಆ ಮೇಜನ್ನು ಅಂಗಡಿಯವರು ಈಗ ಗಾಜಿನೊಳಗಿಟ್ಟಿದ್ದಾರೆ. ಮೇಜಿಗೆ ಮೂರು ಬೇರೆ ಬೇರೆ ಪಾತ್ರೆ ಬರುತ್ತವೆ. ಒಂದರಲ್ಲಿ ಕೆಂಡದ ಮೇಲೆ ಸುಟ್ಟ ಹಂದಿಮಾಂಸದ ಹೋಳುಗಳು, ಹುಳಿ-ಸಿಹಿ-ಉಪ್ಪಿನ ಬೆಚ್ಚನೆಯ ರಸದಲ್ಲಿ ಮುಳುಗಿರುತ್ತವೆ, ಜೊತೆಗೆ ಹಸಿ ಪಪ್ಪಾಯಿಯ ತೆಳು ಬಿಲ್ಲೆ. ಇನ್ನೊಂದು ತಟ್ಟೆಯಲ್ಲಿ ಬುನ್, ಅಂದರೆ ಅಕ್ಕಿಹಿಟ್ಟಿನ ಮುದ್ದೆಯನ್ನು ಅಚ್ಚಿನಲ್ಲಿ ಒತ್ತಿ ಬೇಯಿಸಿದ ಬಿಳಿ ಎಳೆಗಳು, ನಮ್ಮ ಒತ್ತು ಶಾವಿಗೆಯ ಹಾಗೆಯೇ. ಮೂರನೆಯದು ಸೊಪ್ಪಿನ ಬುಟ್ಟಿ.

ಹೊಸಬರು ಮಾಡುವುದು ಮೂರನ್ನೂ ಒಟ್ಟಿಗೆ ಸುರಿದು ಕಲಸುವುದು. ಊರಿನವರು ಹಾಗೆ ಮಾಡುವುದಿಲ್ಲ. ಒಂದು ತುತ್ತಿನಷ್ಟು ಶಾವಿಗೆ ಎತ್ತಿ ರಸಕ್ಕೆ ಅದ್ದುತ್ತಾರೆ, ಒಂದೆರಡು ಎಲೆ ಹರಿದು ಹಾಕುತ್ತಾರೆ, ಒಂದು ಹೋಳು ಸೇರಿಸಿ ಬಾಯಿಗಿಡುತ್ತಾರೆ. ಮುಂದಿನ ತುತ್ತಿಗೆ ಪುದೀನದ ಬದಲು ನೇರಳೆ ಬೆನ್ನಿನ ಪೆರಿಲ್ಲಾ ಎಲೆ. ಪ್ರತಿ ತುತ್ತಿಗೂ ರುಚಿ ಬೇರೆ. ಬುಟ್ಟಿಯಲ್ಲಿ ಹೃದಯದಾಕಾರದ ಒಂದು ಎಲೆ ಇದ್ದರೆ ಮೊದಲು ಚೂರು ಕಚ್ಚಿ ನೋಡಿ. ಅದಕ್ಕೆ ಹಸಿ ಮೀನಿನ ವಾಸನೆಯಿರುತ್ತದೆ, ಎಲ್ಲರಿಗೂ ಒಗ್ಗುವುದಿಲ್ಲ. ಸೊಪ್ಪನ್ನು ಅಲಂಕಾರವೆಂದು ಪಕ್ಕಕ್ಕೆ ಸರಿಸಿದವರಿಗೆ ಈ ಊಟದ ಅರ್ಧ ಪಾಲು ಸಿಗುವುದೇ ಇಲ್ಲ. ಹೋಯ್ ಆನ್ ಪಟ್ಟಣದ ಹತ್ತಿರ ತ್ರಾ ಕೇ ಎಂಬ ಹಳ್ಳಿಯಿದೆ, ನದಿಯ ಪಾಚಿಯನ್ನೇ ಗೊಬ್ಬರವಾಗಿ ಹಾಕಿ ಈ ಎಲೆಗಳನ್ನು ಬೆಳೆಯುವುದು ಅಲ್ಲಿನ ತಲೆತಲಾಂತರದ ಕಸುಬು.

ಬೆಳಗಿನ ಊಟ ಮುಗಿಸಿ ರಸ್ತೆ ದಾಟಿದರೆ ಕಾಫಿ. ಕೊಡಗು, ಚಿಕ್ಕಮಗಳೂರಿನವರಿಗೆ ಇಲ್ಲಿ ಕೂರುವುದು ಮನಸ್ಸಿಗೆ ತಾಕುವ ಅನುಭವ. ಫ್ರೆಂಚ್ ಪಾದ್ರಿಗಳು 1857ರಲ್ಲಿ ತಂದ ಗಿಡ, 1986ರ ನಂತರ ಬುವೊನ್ ಮಾ ಥುವೋತ್ ಸುತ್ತಲಿನ ಎತ್ತರದ ನಾಡನ್ನೆಲ್ಲ ಆವರಿಸಿತು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ಈಗ ವಿಯೆಟ್ನಾಂ, ಅದರಲ್ಲೂ ಬಹುಪಾಲು ರೊಬಸ್ಟಾ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ಕರ್ನಾಟಕದ ತೋಟಗಾರರು ರೊಬಸ್ಟಾ ದರ ನೋಡುವಾಗ ಆ ದೇಶದ ಮಳೆಯನ್ನೂ ನೋಡಬೇಕಾಗುತ್ತದೆ. ಮೆಣಸಿನಲ್ಲಂತೂ ವಿಯೆಟ್ನಾಮೇ ಜಗತ್ತಿಗೆ ಮೊದಲು. 2017ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರ ಆಮದು ಕಾಳುಮೆಣಸಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ದರ ಗೊತ್ತುಮಾಡಿದ್ದರ ಹಿಂದೆ ಅಲ್ಲಿನ ಅಗ್ಗದ ಮೆಣಸಿನಿಂದ ಕಂಗೆಟ್ಟ ನಮ್ಮ ಬೆಳೆಗಾರರ ಒತ್ತಾಯವಿತ್ತು.

ಕಾಫಿಯೂ ಮೇಜಿನ ಮೇಲೆಯೇ ಆಗುತ್ತದೆ. ಲೋಟದ ತಳದಲ್ಲಿ ಗಟ್ಟಿ ಸಿಹಿಹಾಲು, ಅದರ ಮೇಲೆ ತೂತಿನ ಪುಟ್ಟ ತಗಡಿನ ಫಿಲ್ಟರ್, ಅದರೊಳಗೆ ಪುಡಿ ಮತ್ತು ಬಿಸಿನೀರು. ಹನಿ ಹನಿಯಾಗಿ ಕಪ್ಪು ಡಿಕಾಕ್ಷನ್ ಬಿಳಿಯ ಹಾಲಿನ ಮೇಲೆ ಪದರಾಗಿ ನಿಲ್ಲುತ್ತದೆ. ನಾಲ್ಕೈದು ನಿಮಿಷ ಬೇಕು. ಅವಸರ ಮಾಡಿ ಫಿಲ್ಟರ್ ಎತ್ತಬಾರದು. ತಾಜಾ ಹಾಲು ಸಿಗದ ಕಾಲದಲ್ಲಿ ಡಬ್ಬಿ ಹಾಲು ಬಂತು, ಹಾಗೇ ಉಳಿಯಿತು. ಹಾಲಿನ ಅಭಾವದಿಂದಲೇ ಹನೋಯ್‌ನ ಮೆಟ್ರೊಪೋಲ್ ಹೋಟೆಲಿನ ನುಯೆನ್ ವಾನ್ ಯಾಂಗ್ 1946ರಲ್ಲಿ ಮೊಟ್ಟೆಯ ಹಳದಿಯನ್ನು ನೊರೆಯಾಗಿ ಕಡೆದು ಕಾಫಿಯ ಮೇಲೆ ಹಾಕಿದರು. ಅವರ ಹೆಸರಿನ ಕಾಫಿ ಅಂಗಡಿ ಹಳೆ ಪೇಟೆಯ ಅಂಚಿನಲ್ಲಿ ಇಂದಿಗೂ ತುಂಬಿರುತ್ತದೆ.

ಇಷ್ಟು ಹೇಳಿದ ಮೇಲೆ ಸಸ್ಯಾಹಾರಿಗಳ ಪ್ರಶ್ನೆಗೆ ಬರಲೇಬೇಕು. ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವವಳಲ್ಲ, ಆದ್ದರಿಂದ ಇದು ನನಗೆ ಮನೆಯ ವಿಷಯ. ತೊಡಕು ಕಣ್ಣಿಗೆ ಕಾಣುವ ಮಾಂಸದ್ದಲ್ಲ, ಕಾಣದ ನೂಕ್ ಮಾಮ್‌ನದು. ಕಿರುಬೆರಳುದ್ದದ ಆಂಚೊವಿ ಮೀನು ಮೂರು ಪಾಲು, ಉಪ್ಪು ಒಂದು ಪಾಲು, ದೊಡ್ಡ ಮರದ ಪೀಪಾಯಿಯಲ್ಲಿ ಸುಮಾರು ಒಂದು ವರ್ಷ ಬಿಟ್ಟರೆ ತಳದಿಂದ ಇಳಿಯುವ ಜೇನುಬಣ್ಣದ ರಸವೇ ನೂಕ್ ಮಾಮ್. ಫು ಕ್ವೋಕ್ ದ್ವೀಪದ್ದು ಹೆಸರುವಾಸಿ, 2012ರಲ್ಲಿ ಯುರೋಪ್ ಒಕ್ಕೂಟದ ಭೌಗೋಳಿಕ ಮಾನ್ಯತೆಯನ್ನೂ ಪಡೆದಿದೆ. ಆ ನಾಡಿನ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುತೇಕ ಇದೇ ಮಾಡುತ್ತದೆ. ಮೀನು ತಿನ್ನುವವರಿಗೆ ಇದೊಂದು ಸೊಗಸು. ಸಸ್ಯಾಹಾರಿ ಸಾಧಾರಣ ಹೋಟೆಲಿಗೆ ಹೋಗಿ “ಮಾಂಸ ಬೇಡ” ಎಂದರೆ ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪಿನಲ್ಲೂ ಟೊಮೆಟೊ ಹಾಕಿದ ತೋಫುವಿನಲ್ಲೂ ಇದು ಬಂದಿರಬಹುದು. ಅಂಗಡಿಯವರ ಮೋಸವಲ್ಲ ಅದು. ಮಾಂಸ ಬೇಡ ಎಂದದ್ದಕ್ಕೆ ಮಾಂಸ ಹಾಕಿಲ್ಲ, ಅಷ್ಟೇ.

ಬೇಕಾದದ್ದು ‘ಚೈ’. ವಿಯೆಟ್ನಾಮಿನವರು ರೋಮನ್ ಲಿಪಿಯಲ್ಲಿ ಬರೆಯುವುದರಿಂದ ಬೋರ್ಡು ಓದುವುದು ಸುಲಭ. ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ, ಮೇಲೆ ಕೆಳಗೆ ಯಾವ ಗುರುತೂ ಇಲ್ಲದೆ ಇದ್ದರೆ ಅದು ಬೌದ್ಧರ ಸಸ್ಯಾಹಾರದ ಅಂಗಡಿ. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲಿನ ಬಳಕೆಯೂ ಇಲ್ಲವೆನ್ನುವಷ್ಟು ಕಡಿಮೆ. ಕಟ್ಟುನಿಟ್ಟಿನವರು ಈರುಳ್ಳಿ-ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಹದಿಮೂರನೇ ಶತಮಾನದ ಕೊನೆಯಲ್ಲಿ ಸಿಂಹಾಸನ ಬಿಟ್ಟು ಸನ್ಯಾಸಿಯಾದ ತ್ರಾನ್ ನ್ಯಾನ್ ತೋಂಗ್ ಎಂಬ ರಾಜನ ಕಾಲಕ್ಕೇ ಬೌದ್ಧಧರ್ಮ ಅಲ್ಲಿ ಗಟ್ಟಿಯಾಗಿ ಬೇರೂರಿತ್ತು. 1926ರಲ್ಲಿ ಸ್ಥಾಪನೆಯಾದ ಕಾವ್ ದಾಯ್ ಪಂಥದವರೂ ತಿಂಗಳಲ್ಲಿ ಆರೋ ಹತ್ತೋ ದಿನ ಚೈ ವ್ರತ ಹಿಡಿಯುತ್ತಾರೆ. ಅಂದರೆ ಸಸ್ಯಾಹಾರ ಅಲ್ಲಿ ಪ್ರವಾಸಿಗಳಿಗೆಂದು ಹುಟ್ಟಿದ್ದಲ್ಲ. ಅದಕ್ಕೆ ತನ್ನದೇ ಅಡುಗೆಮನೆಯಿದೆ, ತನ್ನದೇ ರುಚಿಯಿದೆ. ಇದನ್ನು ಬಿಟ್ಟು ಪನೀರಿಗೆ ಓಡುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈ ಅಡುಗೆಯ ರಾಜಧಾನಿ ಹುವೆ. 1802ರಿಂದ 1945ರವರೆಗೆ ನುಯೆನ್ ಅರಸರು ಆಳಿದ ಊರು, ಸುತ್ತಲೂ ಬೌದ್ಧ ಮಂದಿರಗಳು. ಜಗತ್ತಿಗೆಲ್ಲ ಗೊತ್ತಿರುವ ಭಿಕ್ಷು ತಿಕ್ ನ್ಯಾತ್ ಹಾನ್ ದೀಕ್ಷೆ ಪಡೆದದ್ದೂ 2022ರಲ್ಲಿ ಕಣ್ಣುಮುಚ್ಚಿದ್ದೂ ಇಲ್ಲಿನ ತು ಹಿಯೆವ್ ಮಂದಿರದಲ್ಲಿ. ಅಲ್ಲಿನ ಚೈ ಅಂಗಡಿಯೊಂದರಲ್ಲಿ ನಮ್ಮ ಮುಂದೆ ಬಂದದ್ದು ಎಳೆ ಹಲಸಿನಕಾಯಿ: ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಹುರಿದ ಎಳ್ಳು, ಕಡಲೆಬೀಜ, ಪುದೀನ, ಖಾರ ಹಾಕಿ ಕಲಸಿದ್ದು. ಚಮಚ ಕೊಡಲಿಲ್ಲ. ಎಳ್ಳು ಚಿಮುಕಿಸಿ ಸುಟ್ಟ ಅಕ್ಕಿ ಹಪ್ಪಳ ಕೊಟ್ಟರು, ಅದನ್ನು ಮುರಿದು ಅದರಿಂದಲೇ ಎತ್ತಿ ತಿನ್ನಬೇಕು. ಹಲಸನ್ನು ನೂರು ಬಗೆಯಲ್ಲಿ ಮಾಡುವ ಮನೆಯಿಂದ ಬಂದ ನನ್ನ ಹೆಂಡತಿ ಎರಡನೇ ತಟ್ಟೆ ತರಿಸಿದಳು. ಜೊತೆಗೆ ಲೆಮನ್‌ಗ್ರಾಸ್ ಮತ್ತು ಮೆಣಸಿನಕಾಯಿಯಲ್ಲಿ ಹುರಿದ ತೋಫು, ಬಾಳೆಹೂವಿನ ಕೋಸಂಬರಿ, ಮೂಲಂಗಿ-ಅಣಬೆಯ ಸಾರಿನಲ್ಲಿ ಮಾಡಿದ ಫೋ. ಅಂಗಡಿಯ ಹಿರಿಯ ಹೆಂಗಸು ಮೇಜಿನ ಮೇಲಿದ್ದ ಬಾಟಲಿ ತೋರಿಸಿ ಮೀನು ಈಜುವ ಹಾಗೆ ಅಂಗೈ ಆಡಿಸಿ, ಆಮೇಲೆ ಅದೇ ಕೈಯಲ್ಲಿ ‘ಇಲ್ಲ’ ಎಂದರು. ಅದರೊಳಗಿದ್ದದ್ದು ಸೋಯಾ ರಸ. ಗೋಧಿಯ ಅಂಟು ಮತ್ತು ಸೋಯಾದಿಂದ ಮಾಂಸದ ಆಕಾರದಲ್ಲೇ ಮಾಡಿದ ಪದಾರ್ಥಗಳೂ ಅಲ್ಲಿರುತ್ತವೆ, ನೋಡಿ ಗಾಬರಿಯಾಗಬೇಕಿಲ್ಲ. ನನಗೆ ಅವಕ್ಕಿಂತ ಹಲಸು, ಅಣಬೆ, ಸೊಪ್ಪಿನ ಅಡುಗೆಯೇ ಹೆಚ್ಚು ಹಿಡಿಸಿತು.

ಬೇರೆ ಅಂಗಡಿಯಲ್ಲಿ ಕೇಳಬೇಕಾಗಿ ಬಂದರೆ “ತೋಯ್ ಅನ್ ಚೈ” ಎಂದರೆ ಸಾಕು, ನಾನು ಚೈ ಉಣ್ಣುವವನು ಎಂದರ್ಥ. ಕಾರಣ ಕೇಳುವುದಿಲ್ಲ. ಮಾಂಸ ತಿನ್ನುವವರು ಬೋರ್ಡಿನಲ್ಲಿ ನೋಡಿಕೊಳ್ಳಬೇಕಾದದ್ದು ಇಷ್ಟು: ‘ಗಾ’ ಕೋಳಿ, ‘ಬೋ’ ದನ, ‘ಕಾ’ ಮೀನು, ಹಂದಿಗೆ ದಕ್ಷಿಣದಲ್ಲಿ ‘ಹೇವ್’. ಹಣದ ವಿಷಯದಲ್ಲಿ ಒಂದೇ ಎಚ್ಚರಿಕೆ. 20 ಸಾವಿರ ಮತ್ತು 5 ಲಕ್ಷ ಡಾಂಗ್ ನೋಟುಗಳೆರಡೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ಒಂದು ಬಟ್ಟಲು ಫೋಗೆ ಬೀದಿಯಲ್ಲಿ 50 ಸಾವಿರ ಡಾಂಗ್‌ನ ಆಸುಪಾಸು, ನಮ್ಮ ಸುಮಾರು 170 ರೂಪಾಯಿ. ಮೇಜಿನ ಮೇಲಿಟ್ಟ ಒದ್ದೆ ಕರವಸ್ತ್ರದ ಪೊಟ್ಟಣ ಹರಿದರೆ ಅದಕ್ಕೂ ಚಿಲ್ಲರೆ ಕಾಸು ಸೇರುತ್ತದೆ.

ಸಾಮಾನ್ಯ ಬೌದ್ಧ ಮನೆಗಳಲ್ಲಿ ಎಲ್ಲ ದಿನವೂ ಚೈ ಇರುವುದಿಲ್ಲ. ಚಾಂದ್ರಮಾನ ತಿಂಗಳ ಒಂದನೇ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆಯ ಆಸುಪಾಸು ಮತ್ತು ಹುಣ್ಣಿಮೆಗೆ, ಮಾಂಸ ತಿನ್ನುವವರೂ ಚೈ ಹಿಡಿಯುತ್ತಾರೆ. ಆ ದಿನ ಹುವೆಯಲ್ಲಿ ಬೇರೆ ದಿನ ಕಾಣದ ಪದಾರ್ಥಗಳು ಹೊರಬರುತ್ತವೆ. ಪ್ರವಾಸದ ದಿನ ಗೊತ್ತುಮಾಡುವಾಗ ಟಿಕೆಟ್ ದರದ ಜೊತೆ ಗೋಡೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿ, ಆ ಎರಡರಲ್ಲಿ ಒಂದು ದಿನ ಹುವೆಯಲ್ಲಿರುವಂತೆ ಹೊಂದಿಸಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೇ ಅಂಗಡಿ ಸೇರಿ. ಊರಿನವರು ಬೇಗ ಉಣ್ಣುತ್ತಾರೆ, ಹನ್ನೆರಡರ ಮೇಲೆ ಸ್ಟೂಲು ಸಿಗುವುದು ಕಷ್ಟ.